ಎಕ್ಸ್ ಆಕ್ಸಿಸ್ ಸ್ಕೇಲ್‌ನ ರೆಫರೆನ್ಸ್ ಪಾಯಿಂಟ್ ಒಂದೊಂದು ದಿನ ಒಂದೊಂದು ಜಾಗ ತೋರಿಸುತ್ತಿದೆ

ಉದ್ಯಮಬಾಗ್ ಮಿಲ್ಲಿಂಗ್ · ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಜಾಬ್ ಶಾಪ್. ಹೈಡ್ರಾಲಿಕ್ ವಾಲ್ವ್ ಬಾಡಿ, ಪಂಪ್ ಕವರ್ ಇಂಥ ಬೀಡಿನ (ಎರಕದ ಕಬ್ಬಿಣದ) ಕೆಲಸವೇ ಜಾಸ್ತಿ. ಹಳೆಯ ಮಿಲ್ಲಿಂಗ್ ಮಷಿನ್‌ಗೆ ಮೂರು ಆಕ್ಸಿಸ್ ಡಿಆರ್‌ಒ (ಟೇಬಲ್ ಎಷ್ಟು ಸರಿಯಿತು ಅಂತ ಅಂಕಿಯಲ್ಲಿ ತೋರಿಸುವ ಡಿಸ್‌ಪ್ಲೇ) ಹಾಕಿಸಿದ್ದೇವೆ. ಗಾಜಿನ ಸ್ಕೇಲ್, 5 ಮೈಕ್ರಾನ್ ರೆಸಲ್ಯೂಷನ್, ಪ್ರತಿ 50 ಮಿ.ಮೀ.ಗೆ ಒಂದು ರೆಫರೆನ್ಸ್ ಗುರುತು.

ತೊಂದರೆ ಎಕ್ಸ್‌ನಲ್ಲಿ ಮಾತ್ರ. ಬೆಳಿಗ್ಗೆ ಮಷಿನ್ ಆನ್ ಮಾಡಿ, ರೆಫ್ ಬಟನ್ ಒತ್ತಿ, ಟೇಬಲನ್ನು ಗುರುತಿನ ಮೇಲೆ ಹಾಯಿಸುತ್ತೇವೆ. ಡಿಸ್‌ಪ್ಲೇ ಸೊನ್ನೆಯಾಗಿ ಎಣಿಕೆ ಶುರುವಾಗುತ್ತದೆ. ಅಲ್ಲಿಂದ ಫಿಕ್ಸ್‌ಚರ್‌ನ (ಜಾಬ್ ಹಿಡಿದಿಡುವ ಕಟ್ಟಿನ) ಮುಖ 186.340 ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಬಹಳ ದಿನ ಸರಿಯಾಗೇ ಬರುತ್ತದೆ. ಕೆಲವು ದಿನ 0.020 ಆಚೀಚೆ. ಒಂದೆರಡು ಸಲ ಪೂರ್ತಿ 50 ಮಿ.ಮೀ. ತಪ್ಪಾಗಿ ಡ್ರಿಲ್ ಎಲ್ಲೋ ಹೋಗಿ ನಿಂತಿತ್ತು. ಇನ್ನು ಕೆಲವು ಸಲ ಬೆಳಿಗ್ಗೆ ಸರಿ ಇದ್ದದ್ದು ಮಧ್ಯಾಹ್ನ 0.085, 0.050 ಹೀಗೆ ಏನೇನೋ ತೋರಿಸುತ್ತದೆ.

ಹಾಕಿಕೊಟ್ಟವರು ಸ್ಕೇಲ್ ಹೋಗಿದೆ, ಹೊಸದು ಹಾಕಿ ಅನ್ನುತ್ತಿದ್ದಾರೆ. ಅಷ್ಟು ದುಡ್ಡು ಹಾಕುವ ಮೊದಲು ನಿಮ್ಮನ್ನು ಕೇಳೋಣ ಅನಿಸಿತು.

ಟೂಲ್ಸ್ ಅಂಡ್ ಸ್ಪೇರ್ಸ್ · ಸೋಮವಾರ, ರಾತ್ರಿ 9:32

ಬದಲಿಸಿಬಿಡಿ ಸರ್. ಗಾಜಿನ ಸ್ಕೇಲ್ ಒಮ್ಮೆ ಕೈ ಕೊಟ್ಟರೆ ಮತ್ತೆ ನಂಬುವ ಹಾಗಿಲ್ಲ. ದಿನಾ ತಲೆನೋವು ಯಾಕೆ?

ಡಿಆರ್‌ಒ ಸರ್ವಿಸ್ · ಸೋಮವಾರ, ರಾತ್ರಿ 10:05

ಸ್ವಲ್ಪ ತಡೀರಿ. ಬದಲಿಸುವ ಮಾತು ಆಮೇಲೆ.

ನೀವು ಬರೆದ ಅಂಕಿಗಳನ್ನೇ ಇನ್ನೊಮ್ಮೆ ನೋಡಿ. 50.000. 0.020. ಮತ್ತೆ ಲೆಕ್ಕಕ್ಕೆ ಸಿಗದ 0.085. ಇದು ಒಂದು ರೋಗ ಅಲ್ಲ, ಮೂರು. ರೆಫರೆನ್ಸ್ ತಪ್ಪಿದಾಗ ಎಷ್ಟು ತಪ್ಪಿತು ಅನ್ನುವುದೇ ಕಾರಣ ಹೇಳುತ್ತದೆ. ಬಹಳ ಜನ ಅದನ್ನೇ ಬರೆದಿಡುವುದಿಲ್ಲ. "ಆಗಾಗ ತಪ್ಪುತ್ತದೆ" ಎಂದು ಫೋನ್ ಮಾಡುತ್ತಾರೆ. ನೀವು ಅಂಕಿ ಬರೆದಿದ್ದೀರಿ, ಅರ್ಧ ಕೆಲಸ ಅಲ್ಲೇ ಆಯಿತು.

50.000 ಸರಿಯಾಗಿ ತಪ್ಪಿದರೆ ಸ್ಕೇಲ್‌ದು ಏನೂ ತಪ್ಪಿಲ್ಲ. ಪಕ್ಕದ ಗುರುತು ಹಿಡಿದಿದ್ದೀರಿ, ಅಷ್ಟೇ. ನಿಮ್ಮ ಸ್ಕೇಲ್‌ನಲ್ಲಿ ಎಲ್ಲ ಗುರುತೂ ಒಂದೇ ಥರ. ಯಾವುದು ಮೊದಲು ಸಿಗುತ್ತದೋ ಅದನ್ನೇ ಡಿಆರ್‌ಒ ಸೊನ್ನೆ ಅಂದುಕೊಳ್ಳುತ್ತದೆ. ಹಿಂದಿನ ದಿನ ಟೇಬಲ್ ಎಲ್ಲಿ ನಿಂತಿತ್ತು, ಬೆಳಿಗ್ಗೆ ಯಾವ ಕಡೆಯಿಂದ ತಂದಿರಿ ಅನ್ನುವುದರ ಮೇಲೆ ಇದು ಬದಲಾಗುತ್ತದೆ.

0.020 ಬೇರೆ ಕಥೆ. ಇಂಥ ಗಾಜಿನ ಸ್ಕೇಲ್‌ಗಳಲ್ಲಿ ಗೆರೆಯಿಂದ ಗೆರೆಗೆ ಸಾಮಾನ್ಯವಾಗಿ 20 ಮೈಕ್ರಾನ್. ಎ ಮತ್ತು ಬಿ ಎಂಬ ಎರಡು ಸಿಗ್ನಲ್‌ಗಳ ಏರಿಳಿತವನ್ನೆಲ್ಲ ಎಣಿಸಿ ಅದನ್ನು ನಾಲ್ಕು ಭಾಗ ಮಾಡುತ್ತಾರೆ. ಹಾಗಾಗಿ ನಿಮಗೆ 5 ಮೈಕ್ರಾನ್ ಸಿಗುತ್ತದೆ. ತಪ್ಪು 20ರಷ್ಟೇ ಇದೆ ಅಂದರೆ ರೆಫರೆನ್ಸ್ ಪಲ್ಸ್ ಒಂದು ಗೆರೆ ಆಚೆಗೆ ಸಿಗುತ್ತಿದೆ. ಆ ಗುರುತಿನ ಹತ್ತಿರ ಕೊಳೆ ಇರಬಹುದು. ಇಲ್ಲವೇ ಹೆಡ್, ಅಂದರೆ ಸ್ಕೇಲ್ ಉದ್ದಕ್ಕೆ ಓಡಾಡಿ ಗೆರೆ ಓದುವ ಭಾಗ, ವಾಲಿರಬಹುದು.

0.085, 0.050 ಥರದ್ದು ಎಣಿಕೆ ಕಳೆದುಹೋಗುವುದು. ರೆಫರೆನ್ಸ್‌ಗೂ ಅದಕ್ಕೂ ಸಂಬಂಧ ಇಲ್ಲದಿರಬಹುದು. ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನ ತಪ್ಪಿದೆ ಅಂದರೆ ನನ್ನ ಅನುಮಾನ ಕೇಬಲ್ ಅಥವಾ ಕರೆಂಟಿನ ಗದ್ದಲದ ಮೇಲೆ.

ನಾಳೆ ಇಷ್ಟು ಮಾಡಿ ನೋಡಿ. ಮೊದಲು ಡಿಆರ್‌ಒ ಆಫ್ ಮಾಡಿ, ಹಿಂದಿನ ಎಕ್ಸ್ ಮತ್ತು ವೈ ಕನೆಕ್ಟರ್ ಅದಲು ಬದಲು ಮಾಡಿ. ತೊಂದರೆ ಸ್ಕೇಲ್ ಜೊತೆ ಹೋಗುತ್ತದೋ, ಡಿಸ್‌ಪ್ಲೇಯ ಎಕ್ಸ್ ಸಾಲಿನಲ್ಲೇ ಉಳಿಯುತ್ತದೋ ಗೊತ್ತಾಗುತ್ತದೆ. ಆಫ್ ಮಾಡದೆ ಮಾತ್ರ ಕಿತ್ತು ಹಾಕಬೇಡಿ.

ಆಮೇಲೆ ಸ್ಪಿಂಡಲ್‌ಗೆ ಲಿವರ್ ಡಯಲ್ ಹಾಕಿ ಫಿಕ್ಸ್‌ಚರ್ ಮುಖಕ್ಕೆ ಮುಟ್ಟಿಸಿ. ನೀವು ದಿನಾ ಬಳಸುವ ಗುರುತಿನಿಂದ ರೆಫ್ ತೆಗೆದುಕೊಂಡು ಮುಖದ ಓದು ಬರೆಯಿರಿ. ಅದರ ಎಡಗಡೆ ಗುರುತಿನಿಂದಲೂ, ಬಲಗಡೆಯದರಿಂದಲೂ ಹಾಗೇ ಮಾಡಿ. ಓದುಗಳ ನಡುವೆ 50.000 ಬರಬೇಕು. ಒಂದೇ ದಿಕ್ಕಿನಿಂದ ಹಾಯಿಸಿದ್ದು ಬೇರೆ, ಎದುರು ದಿಕ್ಕಿನದು ಬೇರೆ ಬರೆಯಿರಿ. ಕೊನೆಯ ಅಂಕಿ ಒಂದು ಎಣಿಕೆ, ಅಂದರೆ 0.005, ಆಚೀಚೆ ಆದರೆ ಅದನ್ನು ಬಿಡಿ.

ಐಟಿಐ ಫಿಟ್ಟರ್ · ಸೋಮವಾರ, ರಾತ್ರಿ 10:40

ಅಣ್ಣಾ, ಸಣ್ಣ ಪ್ರಶ್ನೆ. ಡಿಆರ್‌ಒನಲ್ಲಿ ಎಲ್ಲಿ ಬೇಕಾದರೂ ಸೊನ್ನೆ ಮಾಡಬಹುದಲ್ವಾ? ನಾವು ಜಾಬ್ ಅಂಚಿಗೆ ಎಡ್ಜ್ ಫೈಂಡರ್ ಮುಟ್ಟಿಸಿ ಸೊನ್ನೆ ಮಾಡುತ್ತೇವೆ. ಈ ಗುರುತು ಯಾಕೆ ಬೇಕು?

ಗೇಜ್ ರೂಂ · ಸೋಮವಾರ, ರಾತ್ರಿ 11:15

ಒಂದೇ ಜಾಬ್ ಮಾಡಿ ಮುಗಿಸುವುದಾದರೆ ಬೇಡ. ನಡುವೆ ಕರೆಂಟ್ ಹೋದರೆ? ಇಂಥ ಸ್ಕೇಲ್ ಎಣಿಸುತ್ತದೆ ಅಷ್ಟೇ. ತಾನು ಎಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಿಲ್ಲ. ಆಫ್ ಆಗಿದ್ದಾಗ ಯಾರೋ ಹ್ಯಾಂಡ್‌ವೀಲ್ ಕಾಲು ಸುತ್ತು ತಿರುಗಿಸಿದರೂ ಅದು ಲೆಕ್ಕಕ್ಕೆ ಬರಲ್ಲ. ಅರ್ಧ ಬೋರ್ ಆಗಿರುವ ಜಾಬ್ ಮೇಲೆ ಅಂಚು ಮತ್ತೆ ಹುಡುಕುವುದು ಕಷ್ಟ. ಅಂಚೇ ಮಿಲ್ ಆಗಿ ಹೋಗಿರಬಹುದು. ಗುರುತು ಗಾಜಿನ ಮೇಲೇ ಇರುವುದರಿಂದ ಅದು ಜಾಗ ಬಿಟ್ಟು ಕದಲಲ್ಲ.

ಒಳಗೆ ಹೇಗಿರುತ್ತದೆ ಅಂದರೆ, ಅಳತೆಯ ಗೆರೆಗಳ ಪಕ್ಕದಲ್ಲಿ ಇನ್ನೊಂದು ಸಾಲು. ಅದರಲ್ಲಿ ಸಮ ಅಂತರ ಇಲ್ಲದ ಗೆರೆಗಳ ಒಂದು ಗುಂಪು. ಹೆಡ್‌ನ ಒಳಗೂ ಅದೇ ಗುಂಪಿನ ನಕಲು ಇರುತ್ತದೆ. ಬೀಗಕ್ಕೆ ಅದರದ್ದೇ ಕೀಲಿ ಇದ್ದಂತೆ, ಎರಡೂ ಒಂದೇ ಒಂದು ಜಾಗದಲ್ಲಿ ಸರಿಯಾಗಿ ಹೊಂದುತ್ತವೆ. ಅಲ್ಲಿ ಬೆಳಕು ಒಮ್ಮೆಗೇ ಏರುತ್ತದೆ ಅಥವಾ ಇಳಿಯುತ್ತದೆ. ಅದೇ ರೆಫರೆನ್ಸ್ ಸಿಗ್ನಲ್. ಅದನ್ನು ಎ, ಬಿ ಸಿಗ್ನಲ್ ಜೊತೆ ಸೇರಿಸಿ ಗೆರೆಯ ಅಂತರದ ಕಾಲು ಭಾಗದಷ್ಟು ಅಗಲದ ಪಲ್ಸ್ ಮಾಡುತ್ತಾರೆ. 20 ಮೈಕ್ರಾನ್ ಸ್ಕೇಲ್‌ನಲ್ಲಿ ಆ ಪಲ್ಸ್ ಅಗಲ 5 ಮೈಕ್ರಾನ್.

ಬೆಳಕಿನ ಏರಿಳಿತ ಮಂಕಾದರೆ ಏನಾಗುತ್ತದೆ ನೋಡಿ. ಯಾವ ಗೆರೆಗೆ ಪಲ್ಸ್ ಕೊಡಬೇಕು ಅನ್ನುವುದು ಗಡಿಯಲ್ಲಿ ನಿಲ್ಲುತ್ತದೆ. ಇವತ್ತು ಈ ಗೆರೆ, ನಾಳೆ ಪಕ್ಕದ್ದು. ಸರಿಯಾಗಿ 0.020 ಬರುವುದು ಹೀಗೆ.

ಸ್ಕೇಲ್ ಮಧ್ಯದಲ್ಲಿ ಒಂದೇ ಗುರುತು ಇರುವುದೂ ಸಿಗುತ್ತದೆ. 50 ಮಿ.ಮೀ.ಗೊಂದು ಇರುವುದೂ ಸಿಗುತ್ತದೆ. ಕೆಲವದರಲ್ಲಿ ಬೇಕಾದ ಗುರುತನ್ನು ಸಣ್ಣ ಮ್ಯಾಗ್ನೆಟ್ ಇಟ್ಟು ಆರಿಸಬಹುದು, ಉಳಿದವು ಮೌನ. ಇನ್ನೊಂದು ಜಾತಿ ಡಿಸ್ಟೆನ್ಸ್ ಕೋಡೆಡ್. ಅದರಲ್ಲಿ ಗುರುತುಗಳ ನಡುವಿನ ಅಂತರ ಬೇರೆ ಬೇರೆ. 10.02 ಒಂದು, 10.04 ಇನ್ನೊಂದು, ಹೀಗೆ. ಪಕ್ಕಪಕ್ಕದ ಎರಡು ಗುರುತು ದಾಟಿದರೆ ಸಾಕು, ನಡುವಿನ ಅಂತರ ನೋಡಿ ಎಲ್ಲಿದ್ದೇವೆ ಅಂತ ಕಂಟ್ರೋಲರ್ ಲೆಕ್ಕ ಹಾಕುತ್ತದೆ. 20 ಮಿ.ಮೀ. ಒಳಗೇ ಕೆಲಸ ಮುಗಿಯುತ್ತದೆ. ದೊಡ್ಡ ಮಷಿನ್‌ನಲ್ಲಿ ಜಾಬ್ ಅಡ್ಡ ಇದ್ದಾಗ ಇದರ ಬೆಲೆ ಗೊತ್ತಾಗುತ್ತದೆ.

ಹಿಂಡಲಗಾ ಟರ್ನಿಂಗ್ · ಮಂಗಳವಾರ, ಬೆಳಿಗ್ಗೆ 7:20

ಬಿಸಿಲಿಗೆ ಆಗಿರಬಹುದಲ್ವಾ ಈ 0.020? ನಮ್ಮ ಶೆಡ್‌ನಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬಹಳ ವ್ಯತ್ಯಾಸ. ತಗಡಿನ ಚಾವಣಿ ಬೇರೆ.

ಗೇಜ್ ರೂಂ · ಮಂಗಳವಾರ, ಬೆಳಿಗ್ಗೆ 7:55

ಒಳ್ಳೆ ಪ್ರಶ್ನೆ, ಆದರೆ ಇಲ್ಲಿ ಅದಲ್ಲ. ಗಾಜು ಒಂದು ಮೀಟರ್‌ಗೆ ಒಂದು ಡಿಗ್ರಿಗೆ ಸುಮಾರು 8 ಮೈಕ್ರಾನ್ ಹಿಗ್ಗುತ್ತದೆ. ಬೀಡು ಸುಮಾರು 10ರಿಂದ 11. ಇವರ ಗುರುತಿನಿಂದ ಫಿಕ್ಸ್‌ಚರ್ 186 ಮಿ.ಮೀ. ದೂರ. ಹತ್ತು ಡಿಗ್ರಿ ಏರಿದರೂ ಇವೆರಡರ ವ್ಯತ್ಯಾಸ 5 ಮೈಕ್ರಾನ್ ಆಸುಪಾಸು. ಡಿಸ್‌ಪ್ಲೇಯಲ್ಲಿ ಒಂದೇ ಎಣಿಕೆ. ಅದೂ ಬಿಸಿ ಏರಿದಂತೆ ನಿಧಾನ ಸರಿಯುತ್ತದೆ. ಇವರದು ಜಿಗಿಯುತ್ತಿದೆ.

ಉದ್ಯಮಬಾಗ್ ಮಿಲ್ಲಿಂಗ್ · ಮಂಗಳವಾರ, ರಾತ್ರಿ 8:45

ಹೇಳಿದ ಹಾಗೇ ಮಾಡಿದೆವು. ಕನೆಕ್ಟರ್ ಅದಲು ಬದಲು ಮಾಡಿದಾಗ ತೊಂದರೆ ಎಕ್ಸ್ ಸ್ಕೇಲ್ ಜೊತೆ ವೈ ಸಾಲಿಗೆ ಹೋಯಿತು. ಡಿಸ್‌ಪ್ಲೇ ಚೆನ್ನಾಗಿದೆ ಅಂದಂತಾಯಿತು.

ಡಯಲ್ ಹಾಕಿ ನೋಡಿದಾಗ: ಎಡಗಡೆ ಗುರುತಿನಿಂದ ಪ್ರತಿ ಸಲ 236.340. ಬಲಗಡೆಯದರಿಂದ 136.340, ಒಮ್ಮೊಮ್ಮೆ 136.335. ನಾವು ದಿನಾ ಬಳಸುವ ನಡುವಿನ ಗುರುತಿನಿಂದ, ಎಡದಿಂದ ಹಾಯಿಸಿದರೆ ಹೆಚ್ಚಾಗಿ 186.340, ಆಗಾಗ 186.360. ಬಲದಿಂದ ಹಾಯಿಸಿದರೆ 186.360 ಬರುವುದೇ ಜಾಸ್ತಿ.

50 ಮಿ.ಮೀ. ವಿಷಯ ನೀವು ಹೇಳಿದ ಹಾಗೇ ಇದೆ. ನಮ್ಮಲ್ಲಿ ಎರಡು ಶಿಫ್ಟ್. ಒಬ್ಬರು ಟೇಬಲನ್ನು ಎಡ ತುದಿಗೆ ಬಿಟ್ಟು ಹೋಗುತ್ತಾರೆ, ಇನ್ನೊಬ್ಬರು ಬಲಕ್ಕೆ.

ಡಿಆರ್‌ಒ ಸರ್ವಿಸ್ · ಮಂಗಳವಾರ, ರಾತ್ರಿ 9:30

ಸುಂದರವಾದ ಓದುಗಳು ರೀ. ಆ ಪುಟ ಹರಿದು ಎಸೆಯಬೇಡಿ.

ಪಕ್ಕದ ಎರಡೂ ಗುರುತು ಚೆನ್ನಾಗಿವೆ. ಅವುಗಳ ನಡುವೆ 100.000 ಬರುತ್ತಿದೆ. ಹೆಡ್ ಪೂರ್ತಿ ಕೆಟ್ಟಿದ್ದರೆ ಮೂರೂ ತಪ್ಪಬೇಕಿತ್ತು. ಒಂದೇ ಗುರುತು ತಪ್ಪುತ್ತಿದೆ ಅಂದರೆ ತೊಂದರೆ ಗಾಜಿನ ಆ ಜಾಗದಲ್ಲಿದೆ. ನೀವು ದಿನಾ ಕೆಲಸ ಮಾಡುವುದು ಅಲ್ಲೇ. ಟೇಬಲ್ ಹೆಚ್ಚು ಓಡಾಡುವುದು ಅಲ್ಲೇ, ಲಿಪ್, ಅಂದರೆ ಸ್ಕೇಲ್ ಸಂದಿ ಮುಚ್ಚುವ ರಬ್ಬರ್ ಪಟ್ಟಿ, ಸವೆಯುವುದೂ ಅಲ್ಲೇ. ಸವೆದ ಕಡೆಯಿಂದ ಬೀಡಿನ ಪುಡಿ ಒಳಗೆ ಹೋಗುತ್ತದೆ. ಬೀಡನ್ನು ಕೂಲಂಟ್ ಹಾಕದೆ ಒಣದಾಗೇ ಕತ್ತರಿಸುತ್ತೀರಲ್ಲ, ಆ ಪುಡಿ ಮಸಿಯಷ್ಟು ಸಣ್ಣ. ಅದಕ್ಕೆ ಸ್ಲೈಡ್‌ವೇ ಎಣ್ಣೆಯ ಪಸೆ ಸೇರಿದರೆ ಗಾಜಿನ ಮೇಲೆ ಗಟ್ಟಿ ಪದರ ಕೂರುತ್ತದೆ. ಬೆಳಗಾವಿಯಲ್ಲಿ ನಾನು ಬಿಚ್ಚಿದ ಸ್ಕೇಲ್‌ಗಳಲ್ಲಿ ಇದೇ ಜಾಸ್ತಿ. ಅಲ್ಯೂಮಿನಿಯಂ ಕೆಲಸದವರ ಸ್ಕೇಲ್ ಇಷ್ಟು ಕಪ್ಪಾಗಿರಲ್ಲ.

ಸದ್ಯಕ್ಕೆ ಕೆಲಸ ನಿಲ್ಲಿಸಬೇಡಿ. ಎಡಗಡೆ ಗುರುತನ್ನೇ ಬಳಸಿ, ಪುಸ್ತಕದಲ್ಲಿ 236.340 ಅಂತ ಬರೆಯಿರಿ. ಟೇಬಲ್ ಮೇಲೂ ಸ್ಯಾಡಲ್ ಮೇಲೂ ಒಂದೊಂದು ಬಾಣದ ಸ್ಟಿಕ್ಕರ್ ಅಂಟಿಸಿ. ಎರಡು ಬಾಣ ಎದುರುಬದುರು ಬರುವ ಮೊದಲು ರೆಫ್ ಒತ್ತಬಾರದು. ಯಾವಾಗಲೂ ಎಡದಿಂದ ಬಲಕ್ಕೇ ಹಾಯಿಸಬೇಕು. ಇಷ್ಟಕ್ಕೇ ನಿಮ್ಮ 50 ಮಿ.ಮೀ. ತಪ್ಪು ಹೋಗುತ್ತದೆ.

ಭಾನುವಾರ ಬಿಚ್ಚುವಾಗ: ಕರೆಂಟ್ ತೆಗೆದು, ಹೆಡ್ ಬ್ರಾಕೆಟ್ ಎಲ್ಲಿ ಕೂತಿತ್ತು ಅಂತ ಸ್ಕ್ರೈಬರ್‌ನಿಂದ ಗೀರು ಹಾಕಿ. ಹೆಡ್ ಮತ್ತು ಬಾಡಿ ನಡುವಿನ ಗ್ಯಾಪನ್ನು ಫೀಲರ್ ಗೇಜ್‌ನಿಂದ ಅಳೆದು ಬರೆದುಕೊಳ್ಳಿ. ಸ್ಕೇಲನ್ನು ಪೂರ್ತಿ ಹೊರಗೆ ತೆಗೆದು ಸ್ವಚ್ಛ ಮೇಜಿನ ಮೇಲೆ ಇಡಿ. ಮಷಿನ್ ಮೇಲೇ ಲಿಪ್ ಎಳೆದು ಒಳಗೆ ಬಟ್ಟೆ ತುರುಕಬೇಡಿ. ತುದಿಯ ಮುಚ್ಚಳ ಬಿಚ್ಚಿದರೆ ಹೆಡ್ ಉದ್ದಕ್ಕೆ ಜಾರಿ ಹೊರಬರುತ್ತದೆ. ಒಳಗಿನ ಸಣ್ಣ ಗಾಡಿಗೆ ಬೇರಿಂಗ್ ಮತ್ತು ತೆಳ್ಳಗಿನ ಸ್ಪ್ರಿಂಗ್ ಇರುತ್ತದೆ, ಅದನ್ನು ಬಗ್ಗಿಸಿದಿರೋ ಮುಗಿಯಿತು. ಗಾಜಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ. ಒಂದೇ ದಿಕ್ಕಿಗೆ ಒರೆಸಿ. ಥಿನ್ನರ್, ಸೀಮೆಎಣ್ಣೆ, ಪೆಟ್ರೋಲ್ ಹತ್ತಿರಕ್ಕೂ ಬೇಡ. ಗಾಜಿಗೆ ಬೆರಳು ತಾಗಿಸಬೇಡಿ.

ಕೂರಿಸುವಾಗ ಬಾಡಿಯ ಮೇಲ್ಮೈ ಮತ್ತು ಪಕ್ಕ ಎರಡಕ್ಕೂ ಡಯಲ್ ಓಡಿಸಿ. ಪೂರ್ತಿ ಉದ್ದಕ್ಕೆ 0.1 ಮಿ.ಮೀ. ಒಳಗೆ ಇರಲಿ. ಗ್ಯಾಪ್ ಎಷ್ಟು ಅಂತ ನಿಮ್ಮ ಮಾಡೆಲ್ ಪುಸ್ತಕದಲ್ಲಿರುತ್ತದೆ, ಅದನ್ನೇ ಇಡಿ.

ಟೂಲ್ಸ್ ಅಂಡ್ ಸ್ಪೇರ್ಸ್ · ಮಂಗಳವಾರ, ರಾತ್ರಿ 9:48

ಇಷ್ಟೆಲ್ಲ ಬಿಚ್ಚಿ ಜೋಡಿಸಿ ಗಾಜು ಒಡೆದರೆ? ಏರ್ ಗನ್ ಹಿಡಿದು ಲಿಪ್ ಸಂದಿಯಲ್ಲಿ ಊದಿದರೆ ಸಾಕಲ್ವಾ.

ಡಿಆರ್‌ಒ ಸರ್ವಿಸ್ · ಮಂಗಳವಾರ, ರಾತ್ರಿ 9:55

ದಯವಿಟ್ಟು ಬೇಡ! ಏರ್ ಗನ್‌ನಿಂದ ಹೊರಗಿನ ಪುಡಿಯೆಲ್ಲ ಲಿಪ್ ದಾಟಿ ಒಳಗೆ ಹೋಗುತ್ತದೆ. ಅದರ ಜೊತೆ ಕಂಪ್ರೆಸರ್ ನೀರು ಬೇರೆ. ನಮ್ಮೂರ ಮಳೆಗಾಲದಲ್ಲಿ ಏರ್ ಲೈನ್ ಬಿಟ್ಟರೆ ಗಾಳಿಗಿಂತ ಮೊದಲು ನೀರೇ ಬರುತ್ತದೆ.

ಒಳಗೆ ಗಾಳಿ ಕೊಡುವ ಪದ್ಧತಿ ಇದೆ, ಇಲ್ಲ ಅನ್ನಲ್ಲ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷಿನ್‌ನ ಸ್ಕೇಲ್‌ಗಳಲ್ಲಿ ಅದಕ್ಕೆಂದೇ ತೂತು ಇರುತ್ತದೆ. ಚೆನ್ನಾಗಿ ಸೋಸಿದ ಒಣ ಗಾಳಿ, ಒತ್ತಡ 1 ಬಾರ್ ಒಳಗೆ. ಅದರ ಫಿಲ್ಟರ್ ಬದಲಿಸದೆ ವರ್ಷಗಟ್ಟಲೆ ಬಿಟ್ಟರೆ ಅದಕ್ಕಿಂತ ಗಾಳಿ ಕೊಡದೇ ಇರುವುದು ಮೇಲು.

ಮಚ್ಛೆ ಮೇಂಟೆನೆನ್ಸ್ · ಬುಧವಾರ, ಬೆಳಿಗ್ಗೆ 6:50

ನೈಟ್ ಶಿಫ್ಟ್ ಮುಗಿಸಿ ಬಂದು ಓದುತ್ತಿದ್ದೇನೆ. ಸಿಎನ್‌ಸಿ ಇರುವವರಿಗೂ ಉಪಯೋಗ ಆಗಲಿ ಅಂತ ಸೇರಿಸುತ್ತೇನೆ, ಏಕೆಂದರೆ ಅಲ್ಲೂ "ಎಷ್ಟು ತಪ್ಪಿತು" ಅನ್ನುವ ಪ್ರಶ್ನೆಯೇ ಮೊದಲು.

ಸಿಎನ್‌ಸಿಯಲ್ಲಿ ಗುರುತು ಯಾವುದು ಅಂತ ಆಪರೇಟರ್ ನೋಡಲ್ಲ. ಹೋಮ್ ಸ್ವಿಚ್ ನೋಡುತ್ತದೆ, ನಾವು ಡಾಗ್ ಅನ್ನುತ್ತೇವೆ. ಡಾಗ್ ತುಳಿದಾಗ ವೇಗ ಇಳಿಯುತ್ತದೆ. ಡಾಗ್ ಬಿಟ್ಟ ಮೇಲೆ ಮೊದಲು ಸಿಗುವ ಗುರುತೇ ಹೋಮ್, ಅಂದರೆ ಆಕ್ಸಿಸ್ ಲೆಕ್ಕ ಶುರುವಾಗುವ ಜಾಗ. ಡಾಗ್ ಬಿಡುವ ಜಾಗ ಗುರುತಿಗೆ ತೀರಾ ಹತ್ತಿರ ಇದ್ದರೆ ಗಡಿಯಾಟ ಶುರು. ಸ್ವಿಚ್ ಒಂದು ಕೂದಲೆಳೆ ಮುಂಚೆ ಬಿಟ್ಟರೆ ಈ ಗುರುತು, ತಡವಾಗಿ ಬಿಟ್ಟರೆ ಮುಂದಿನದು. ಮೋಟರ್ ಎನ್‌ಕೋಡರ್ (ಮೋಟರ್‌ನ ತಿರುಗಾಟ ಅಳೆಯುವ ಸಾಧನ) ಮೇಲೆ ಹೋಮ್ ಆಗುವ ಮಷಿನ್‌ನಲ್ಲಿ ಸಾಮಾನ್ಯವಾಗಿ ಮೋಟರ್‌ನ ಒಂದು ಸುತ್ತಿನಷ್ಟು ತಪ್ಪುತ್ತದೆ. 10 ಮಿ.ಮೀ. ಪಿಚ್ ಬಾಲ್‌ಸ್ಕ್ರೂ ನೇರ ಜೋಡಿಸಿದ್ದರೆ 10 ಮಿ.ಮೀ. ಸ್ಕೇಲ್ ಮೇಲೆ ಹೋಮ್ ಆದರೆ ಗುರುತಿನ ಅಂತರದಷ್ಟು.

ಫ್ಯಾನಕ್ ಕಂಟ್ರೋಲರ್‌ನಲ್ಲಿ ಡಯಾಗ್ನೋಸಿಸ್ 302 ತೆರೆಯಿರಿ. ಡಾಗ್ ಬಿಟ್ಟ ಜಾಗದಿಂದ ಮೊದಲ ಗ್ರಿಡ್‌ವರೆಗಿನ (ಹೋಮ್ ಹಿಡಿಯುವ ಗುರುತಿನವರೆಗಿನ) ದೂರ ಅಲ್ಲಿ ಕಾಣುತ್ತದೆ. ಅದು ಗ್ರಿಡ್ ಅಂತರದ ಅರ್ಧದ ಆಸುಪಾಸು ಇರಬೇಕು. ಸೊನ್ನೆ ಹತ್ತಿರ ಇದ್ದರೂ ಕೆಟ್ಟದ್ದು, ಪೂರ್ತಿ ಅಂತರದ ಹತ್ತಿರ ಇದ್ದರೂ ಕೆಟ್ಟದ್ದು. ಸೀಮೆನ್ಸ್ 840ಡಿಯಲ್ಲಿ ಇದೇ ದೂರ ಮಷಿನ್ ಡೇಟಾ 34093ರಲ್ಲಿ ಸಿಗುತ್ತದೆ. ಡಾಗನ್ನು ಸರಿಸಿ ಸರಿ ಮಾಡಿ. ಆಮೇಲೆ ಹೋಮ್ ಜಾಗ ಮತ್ತೆ ತಾಳೆ ನೋಡಿ, ಟೂಲ್ ಚೇಂಜ್ ಪೊಸಿಷನ್ ಇರುವ ಆಕ್ಸಿಸ್ ಆದರೆ ಕಡ್ಡಾಯವಾಗಿ.

ಫ್ಯಾನಕ್‌ನ 90 ಅಲಾರಂ ನೋಡಿ ಬಹಳ ಜನ ಎನ್‌ಕೋಡರ್ ಬದಲಿಸಿಬಿಡುತ್ತಾರೆ. ಎಷ್ಟೋ ಸಲ ಆಕ್ಸಿಸ್ ಹೋಮ್‌ಗೆ ತೀರಾ ಹತ್ತಿರ ನಿಂತಿರುತ್ತದೆ ಅಥವಾ ವೇಗ ತೀರಾ ಕಡಿಮೆ ಇರುತ್ತದೆ. ದೂರ ತೆಗೆದುಕೊಂಡು ಹೋಗಿ ಮತ್ತೆ ಹೋಮ್ ಮಾಡಿ ನೋಡಿ. ಹೊಸದಾಗಿ ಸ್ಕೇಲ್ ಹಾಕಿಸಿದ ಮೇಲೆ ಹೋಮ್ ಅಲೆದಾಡುತ್ತಿದ್ದರೆ ಪ್ಯಾರಾಮೀಟರ್ 1821 ನೋಡಿ. ರೆಫರೆನ್ಸ್ ಕೌಂಟರ್ ಅಳತೆ ಹಳೆಯ ಮೋಟರ್ ಎನ್‌ಕೋಡರ್‌ದೇ ಉಳಿದಿರುತ್ತದೆ. 445, 447 ಅಲಾರಂ ಬಂದರೆ ಮಾತ್ರ ಸ್ಕೇಲ್ ಕಡೆ ತಿರುಗಿ. 447 ಅಂದರೆ ಹೊರಗಿನ ಡಿಟೆಕ್ಟರ್‌ನ ತಂತಿ ಕಡಿದಿರುವ ಸೂಚನೆ.

ಸೀಮೆನ್ಸ್‌ನಲ್ಲಿ 20002 ಬಂದರೆ ಗುರುತೇ ಸಿಗಲಿಲ್ಲ ಅಂತ ಅರ್ಥ. 34060ರಲ್ಲಿ ಕೊಟ್ಟ ದೂರದೊಳಗೆ ಸಿಗಬೇಕು. ಸುಮ್ನೆ ಆ ದೂರ ದೊಡ್ಡದು ಮಾಡಿ ಅಲಾರಂ ಓಡಿಸುವವರಿದ್ದಾರೆ. ಆಗ ಕೊಳೆಯಾದ ಗುರುತು ಬಿಟ್ಟು ಮುಂದಿನದನ್ನು ಹಿಡಿಯುತ್ತದೆ. ಅಲಾರಂ ಹೋಗುತ್ತದೆ, ಜಾಬ್ ಸ್ಕ್ರ್ಯಾಪ್ ಆಗುತ್ತದೆ.

ಡಿಸ್ಟೆನ್ಸ್ ಕೋಡೆಡ್‌ನಲ್ಲಿ ಒಂದು ಗುರುತು ತಪ್ಪಿದರೆ ಲೆಕ್ಕವೇ ಬೇರೆ ಆಗಬಹುದು. ಅದಕ್ಕೇ ಫ್ಯಾನಕ್‌ನಲ್ಲಿ ಎರಡರ ಬದಲು ಮೂರೋ ನಾಲ್ಕೋ ಗುರುತು ನೋಡಿ ಖಚಿತ ಮಾಡುವ ಆಯ್ಕೆ ಇದೆ.

ವಿಜಯಪುರ ಲೇಥ್ · ಬುಧವಾರ, ಮಧ್ಯಾಹ್ನ 1:15

ನಮ್ಮದು ವಿಜಯಪುರದಲ್ಲಿ ದೊಡ್ಡ ಲೇಥ್. ಗಾಜು ಬೇಡ ಅಂತ ಮ್ಯಾಗ್ನೆಟಿಕ್ ಟೇಪ್ ಸ್ಕೇಲ್ ಹಾಕಿಸಿದ್ದೇವೆ. ಕೊಳೆ ಆದರೂ ನಡೆಯುತ್ತದೆ ಅಂದಿದ್ದರು. ಈಗ ಒಂದೇ ಜಾಗದಲ್ಲಿ ಯಾವಾಗಲೂ ಓದು ಹಾರುತ್ತದೆ. ಅಲ್ಲಿ ಹಾರಿದ ಮೇಲೆ ರೆಫರೆನ್ಸ್‌ಗೆ ವಾಪಸ್ ಬಂದರೆ ಹೊಂದಲ್ಲ.

ಡಿಆರ್‌ಒ ಸರ್ವಿಸ್ · ಬುಧವಾರ, ಸಂಜೆ 6:05

ಎಣ್ಣೆ, ಕೂಲಂಟ್, ಧೂಳು ತಡೆಯುತ್ತದೆ, ನಿಜ. ಮ್ಯಾಗ್ನೆಟ್ ತಡೆಯಲ್ಲ. ಆ ಜಾಗದ ಹತ್ತಿರ ಯಾರಾದರೂ ಡಯಲ್ ಸ್ಟ್ಯಾಂಡ್‌ನ ಮ್ಯಾಗ್ನೆಟಿಕ್ ಬೇಸ್ ಅಂಟಿಸುತ್ತಾರಾ ನೋಡಿ. ಟೇಪ್ ಮೇಲೆ ಉತ್ತರ ದಕ್ಷಿಣ ಧ್ರುವಗಳ ಸಾಲು ಇರುತ್ತದೆ, ಬಲವಾದ ಮ್ಯಾಗ್ನೆಟ್ ತಾಗಿದರೆ ಆ ಸಾಲು ಅಳಿಸುತ್ತದೆ. ಅಳಿಸಿದ್ದಕ್ಕೆ ಔಷಧಿ ಇಲ್ಲ, ಟೇಪ್ ಬದಲಿಸಬೇಕು. ಅದಕ್ಕೂ ಮೊದಲು ಹೊದಿಕೆಯ ಪಟ್ಟಿ ಒರೆಸಿ ನೋಡಿ. ಕಬ್ಬಿಣದ ಪುಡಿ ಅಂಟಿ ಗುಡ್ಡೆಯಾಗಿ ಹೆಡ್‌ಗೆ ತಾಗುತ್ತಿದ್ದರೂ ಹೀಗೇ ಆಗುತ್ತದೆ.

ವಿಜಯಪುರ ಲೇಥ್ · ಬುಧವಾರ, ಸಂಜೆ 6:40

ಮ್ಯಾಗ್ನೆಟಿಕ್ ಬೇಸ್! ಟೇಲ್‌ಸ್ಟಾಕ್ ಹತ್ತಿರ ದಿನಾ ಅಲ್ಲೇ ಇಡುವುದು. ಹುಡುಗರಿಗೆ ಹೇಳಬೇಕು.

ಉದ್ಯಮಬಾಗ್ ಮಿಲ್ಲಿಂಗ್ · ಭಾನುವಾರ, ಸಂಜೆ 5:30

ಬಿಚ್ಚಿದೆವು. ಲಿಪ್ ಎರಡೂ ನಡುವಿನಲ್ಲಿ ಬಾಯಿ ಬಿಟ್ಟಿದ್ದವು, ತುದಿಗಳಲ್ಲಿ ಹೊಸದರಂತೆ ಇದ್ದವು. ಗಾಜಿನ ಮೇಲೆ ಸುಮಾರು ಅಂಗೈ ಅಗಲದಷ್ಟು ಕಪ್ಪು ಪದರ. ಒರೆಸಿದ ಬಟ್ಟೆಯ ಫೋಟೋ ಹಾಕಿದ್ದೇನೆ. ಗೀರು ಬಿದ್ದಿಲ್ಲ. ಜೋಡಿಸುವಾಗ ಡಯಲ್ ಓಡಿಸಿದರೆ ಬಾಡಿ ಒಂದು ತುದಿಯಲ್ಲಿ 0.3 ಎತ್ತರ ಇತ್ತು, ಹಾಕಿಕೊಟ್ಟ ದಿನದಿಂದಲೇ ಇರಬೇಕು. ಶಿಮ್ (ತೆಳು ತಗಡಿನ ಚೂರು) ಹಾಕಿ 0.08ಕ್ಕೆ ತಂದೆವು.

ಈಗ ಮೂರೂ ಗುರುತು, ಎರಡೂ ದಿಕ್ಕಿನಿಂದ ಒಂದೇ ಓದು. 186.340 ಕದಲುತ್ತಿಲ್ಲ.

ಆದರೆ ಆ 0.085 ಇನ್ನೂ ಇದೆ. ರೆಫ್ ತೆಗೆದುಕೊಂಡು, ಪವರ್ ಫೀಡ್‌ನಲ್ಲಿ ಟೇಬಲ್ ಹಿಂದೆ ಮುಂದೆ ಓಡಿಸಿ, ಡಯಲ್ ಸೊನ್ನೆಗೆ ತಂದರೆ ಡಿಸ್‌ಪ್ಲೇ ಬೇರೆ ಓದುತ್ತದೆ. ಕೈಯಿಂದ ಎಷ್ಟೇ ಜೋರಾಗಿ ತಿರುಗಿಸಿದರೂ ತಪ್ಪಲ್ಲ.

ಗೇಜ್ ರೂಂ · ಭಾನುವಾರ, ಸಂಜೆ 6:15

ಪವರ್ ಫೀಡನ್ನು ತೀರಾ ನಿಧಾನ ಇಟ್ಟು ಓಡಿಸಿದರೆ?

ಉದ್ಯಮಬಾಗ್ ಮಿಲ್ಲಿಂಗ್ · ಭಾನುವಾರ, ಸಂಜೆ 7:00

ನಿಧಾನ ಇಟ್ಟರೂ ತಪ್ಪುತ್ತದೆ. ಹೆಚ್ಚಾಗಿ ಸ್ಟಾರ್ಟ್ ಮಾಡುವಾಗ, ದಿಕ್ಕು ಬದಲಿಸುವಾಗ.

ಗೇಜ್ ರೂಂ · ಭಾನುವಾರ, ಸಂಜೆ 7:25

ಹಾಗಾದರೆ ವೇಗದ ಮೇಲೆ ಅನುಮಾನ ಬೇಡ. ಇಂಥ ಸ್ಕೇಲ್‌ಗಳು ನಿಮಿಷಕ್ಕೆ ಹತ್ತಾರು ಮೀಟರ್ ವೇಗ ತಡೆಯುತ್ತವೆ. ನಿಮ್ಮ ಫೀಡ್ ಅದರ ಹತ್ತಿರಕ್ಕೂ ಬರಲ್ಲ. ಸ್ಟಾರ್ಟ್ ಮಾಡುವಾಗ ತಪ್ಪುತ್ತಿದೆ ಅಂದರೆ ಫೀಡ್ ಮೋಟರ್‌ನ ಕರೆಂಟ್ ಗದ್ದಲ ಸ್ಕೇಲ್ ಸಿಗ್ನಲ್‌ಗೆ ಸೇರುತ್ತಿದೆ.

ಡಿಆರ್‌ಒ ಮತ್ತು ಫೀಡ್ ಮೋಟರ್ ಒಂದೇ ಬೋರ್ಡ್‌ಗೆ ಹಾಕಿದ್ದೀರಾ? ಸ್ಕೇಲ್ ಕೇಬಲ್ ಮತ್ತು ಮೋಟರ್ ಕೇಬಲ್ ಒಂದೇ ಟೈನಲ್ಲಿ ಕಟ್ಟಿದ್ದಾರಾ? ಕೇಬಲ್‌ನ ಲೋಹದ ಕವಚ ಎಲ್ಲಾದರೂ ಹರಿದಿದೆಯಾ? ಆಫ್ ಮಾಡಿ ಹೆಡ್‌ನ ಬಾಡಿಯಿಂದ ಡಿಆರ್‌ಒ ಪೆಟ್ಟಿಗೆಯ ಅರ್ತಿಂಗ್‌ವರೆಗೆ ಮಲ್ಟಿಮೀಟರ್ ಹಿಡಿದು ನೋಡಿ, ಓಮ್ ಸೊನ್ನೆಯ ಹತ್ತಿರ ಬರಬೇಕು. ಹೆಡ್ ತುದಿಯಲ್ಲಿ 5 ವೋಲ್ಟ್ ಬರುತ್ತಿದೆಯಾ ಅಂತಲೂ ನೋಡಿ. 4.75ಕ್ಕಿಂತ ಇಳಿದರೆ ಅದೂ ಒಂದು ಕಾರಣ.

ಉದ್ಯಮಬಾಗ್ ಮಿಲ್ಲಿಂಗ್ · ಮಂಗಳವಾರ, ರಾತ್ರಿ 9:20

ಕೇಬಲ್ ಕವಚ ಸ್ಯಾಡಲ್ ಮೂಲೆಯಲ್ಲಿ ಉಜ್ಜಿ ಹರಿದಿತ್ತು. ಅರ್ತಿಂಗ್ ಬರುತ್ತಲೇ ಇರಲಿಲ್ಲ. ಅದೇ ಬೋರ್ಡ್‌ನಲ್ಲಿ ಫೀಡ್ ಮೋಟರ್, ಪಕ್ಕದಲ್ಲೇ ವೆಲ್ಡಿಂಗ್ ಪಾಯಿಂಟ್. ಎಲೆಕ್ಟ್ರಿಷಿಯನ್ ಕರೆಸಿ ಕವಚ ಜೋಡಿಸಿ, ಡಿಆರ್‌ಒಗೆ ಬೇರೆ ಲೈನ್ ಎಳೆಸಿದೆವು. ಮೋಟರ್ ಕೇಬಲ್ ಕಾಲಂನ ಇನ್ನೊಂದು ಬದಿಗೆ ಹೋಯಿತು. ನಿನ್ನೆ, ಇವತ್ತು ಎರಡೂ ಶಿಫ್ಟ್‌ನಲ್ಲಿ ಒಂದು ಎಣಿಕೆಯೂ ತಪ್ಪಿಲ್ಲ.

ಲಿಪ್ ಮಾತ್ರ ಹೊಸದು ಬೇಕು. ಹಳೆಯದನ್ನೇ ತುದಿ ಮುಂದೆ ಮಾಡಿ ತಿರುಗಿಸಿ ಹಾಕಿದ್ದೇವೆ. ಬಿಡಿಯಾಗಿ ಸಿಗುತ್ತದಾ?

ಡಿಆರ್‌ಒ ಸರ್ವಿಸ್ · ಮಂಗಳವಾರ, ರಾತ್ರಿ 9:50

ಸಿಗುತ್ತದೆ. ಸ್ಕೇಲ್ ಮೇಲಿನ ಮಾಡೆಲ್ ನಂಬರ್ ಮತ್ತು ಉದ್ದ ಹೇಳಿ ಕೇಳಿ, ಬಾಡಿಯ ಉದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ತರಿಸಿ. ತಿರುಗಿಸಿ ಹಾಕಿದ್ದರಿಂದ ಪ್ರಯೋಜನ ಇಲ್ಲ, ಸವೆದ ಭಾಗ ಮತ್ತೆ ನಡುವೆಯೇ ಬಂತಲ್ವಾ. ಹೊಸದು ಬರುವವರೆಗೆ ಸ್ಕೇಲ್ ಮೇಲೆ ತಗಡಿನ ಒಂದು ಮರೆ ಕಟ್ಟಿ, ಲಿಪ್ ಬಾಯಿ ಕೆಳಮುಖ ಇದೆಯಾ ನೋಡಿಕೊಳ್ಳಿ.